ಎಡಗಾಲಿನ ಕಿರುಬೆರಳು

ಆ ಕೋಣೆ ಹಿಂದೆ ಚಪ್ಪಲಿ ಅಂಗಡಿಯಾಗಿತ್ತು. ಅಂಗಡಿ ಮುಚ್ಚಿ ಎಷ್ಟೋ ವರ್ಷವಾಗಿದ್ದರೂ ಮೋಡ ಕವಿದ ದಿನ ಗೋಡೆಗಳಿಂದ ಚರ್ಮದ, ಅಂಟಿನ ವಾಸನೆ ಮೆಲ್ಲಗೆ ಏಳುತ್ತಿತ್ತು. ಅಂಗಡಿಯವನು ಬಿಟ್ಟುಹೋದ ಗಿಡ್ಡ ಸ್ಟೂಲುಗಳು ಮತ್ತು ನೆಲಕ್ಕೆ ತಾಗಿಸಿ ಓರೆಯಾಗಿ ನಿಲ್ಲಿಸಿದ್ದ ಕನ್ನಡಿ, ಸಕ್ಕರೆ ಕಾಯಿಲೆಯವರ ನೆರವಿಗೆಂದು ಶುರುವಾದ ಸಂಸ್ಥೆಗೆ ಬಳುವಳಿಯಾಗಿ ಬಂದಿದ್ದವು. ಬಗ್ಗಲಾಗದವರು ಆ ಕನ್ನಡಿಯಲ್ಲಿ ತಮ್ಮ ಅಂಗಾಲು ನೋಡಿಕೊಳ್ಳುತ್ತಿದ್ದರು. ಮೊಣಕಾಲಿನಿಂದ ಮೇಲೆ ಅದು ಯಾರನ್ನೂ ತೋರಿಸುತ್ತಿರಲಿಲ್ಲ. ಸುಮ್ಮನೆ ದಿಟ್ಟಿಸಿದರೆ ಆ ಕೋಣೆಯಲ್ಲಿ ಬರೀ ಕಾಲುಗಳೇ ಸಂಸಾರ ಮಾಡಿಕೊಂಡಿವೆ ಅನ್ನಿಸುವಂತಿತ್ತು.

ಅಲ್ಲಿ ಪಾದ ನೋಡುವ ಕೆಲಸ ಟೀಚರಮ್ಮನದು. ಶಾಲೆಯಿಂದ ನಿವೃತ್ತಿಯಾದ ಮೇಲೆ ಅವರು ಸಂಸ್ಥೆಗೆ ಸೇರಿಕೊಂಡಿದ್ದರು. ಸಕ್ಕರೆ ಕಾಯಿಲೆ ಹಳೆಯದಾದರೆ ಕಾಲಿನ ಸ್ಪರ್ಶ ಸದ್ದಿಲ್ಲದೆ ಹೋಗಿಬಿಡುತ್ತದೆ. ಮುಳ್ಳು ಚುಚ್ಚಿದರೂ ಗೊತ್ತಾಗದು, ಗಾಯ ಕೀವಾದರೂ ಗೊತ್ತಾಗದು. ಗೊತ್ತಾಗುವ ಹೊತ್ತಿಗೆ ಕಾಲನ್ನೇ ತೆಗೆಯಬೇಕಾಗಿ ಬರುತ್ತದೆ. ಅದಕ್ಕೇ ಬಂದವರನ್ನು ಸ್ಟೂಲಿನ ಮೇಲೆ ಕೂರಿಸಿ, ಕಣ್ಣು ಮುಚ್ಚಿಸಿ, ಗಟ್ಟಿ ನೈಲಾನ್ ಎಳೆಯೊಂದನ್ನು ಅಂಗಾಲಿನ ಅಲ್ಲಲ್ಲಿ ಬಾಗುವಷ್ಟು ಒತ್ತುವುದು. ತಿಳಿದರೆ ಅವರು 'ಹಾಂ' ಅನ್ನಬೇಕು. ಒತ್ತುವವರು ತುಟಿ ಪಿಟಕ್ಕೆನ್ನಬಾರದು. 'ಈಗ ಗೊತ್ತಾಯ್ತಾ' ಎಂದು ಕೇಳಿದರೆ ಸಾಕು, ಜನ ದಾಕ್ಷಿಣ್ಯಕ್ಕೆ ಹಾಂ ಅಂದುಬಿಡುತ್ತಾರೆ.

ಈ ಪಾಠ ಹೇಳಿಕೊಟ್ಟವರು ಪಾದದ ಕೋಣೆಯನ್ನು ಶುರುಮಾಡಿದ ದೊಡ್ಡಮ್ಮ. ಯಾರ ದೊಡ್ಡಮ್ಮ ಎಂದು ಕೇಳುವ ಹಾಗಿರಲಿಲ್ಲ, ಎಲ್ಲರಿಗೂ ದೊಡ್ಡಮ್ಮನೇ. ಅವರಿಗೂ ಅದೇ ಕಾಯಿಲೆ. ರಕ್ತ ನೋಡಲು ಚುಚ್ಚಿ ಚುಚ್ಚಿ ಬೆರಳ ತುದಿಗಳು ಒರಟಾಗಿದ್ದವು, ಕೈ ಸದಾ ತಣ್ಣಗೆ. ಪರೀಕ್ಷೆ ಮುಗಿದ ಮೇಲೆ ಹಿಮ್ಮಡಿಯನ್ನು ಎರಡು ಸಲ ತಟ್ಟಿ ಕಳಿಸುವುದು ಅವರ ರೂಢಿ. ಶಾಲೆಗೆ ಹೊರಟ ಮಗುವಿನ ಬೆನ್ನು ತಟ್ಟುವ ಹಾಗೆ.

ದೊಡ್ಡಮ್ಮನ ಕೈಗೆ ಸಿಗದೆ ಉಳಿದದ್ದು ಒಂದೇ ಜೊತೆ ಪಾದ, ಟೀಚರಮ್ಮನದು. ಟೀಚರಮ್ಮನಿಗೂ ಸಕ್ಕರೆ ಕಾಯಿಲೆ ಇಂದು ನಿನ್ನೆಯದಲ್ಲ. ಅವರ ಅಣ್ಣನಿಗೆ ಕಾಲಿನ ಹೆಬ್ಬೆಟ್ಟಿನ ಒಂದು ಗುಳ್ಳೆಯಿಂದ ಶುರುವಾಗಿ ಮೊಣಕಾಲಿನವರೆಗೆ ಕಾಲೇ ಹೋಗಿತ್ತು. ಆಸ್ಪತ್ರೆಯ ಹೊದಿಕೆಯ ಕೆಳಗೆ ಒಂದು ಕಡೆ ಉಬ್ಬು, ಇನ್ನೊಂದು ಕಡೆ ಸಪಾಟು ಇದ್ದದ್ದನ್ನು ಅವರು ಮರೆತಿರಲಿಲ್ಲ. ನೋಡದಿದ್ದರೆ ಏನೂ ಇಲ್ಲ ಎಂಬ ಹುಚ್ಚು ನಂಬಿಕೆಯೊಂದು ಅಂದಿನಿಂದ ಎದೆಯೊಳಗೆ ಕೂತಿತ್ತು. "ನಾಳೆ ನೋಡಿ ದೊಡ್ಡಮ್ಮ" ಎಂದು ಜಾರಿಕೊಳ್ಳುತ್ತಿದ್ದರು.

"ಹೇಳೋದು ಆಚಾರ, ತಿನ್ನೋದು ಬದನೆಕಾಯಿ. ಒಂದಲ್ಲ ಒಂದಿನ ನಿನ್ನ ಕಾಲು ನೋಡದೆ ನಾನು ಬಿಡಲ್ಲ ಕಣೇ" ಎಂದು ದೊಡ್ಡಮ್ಮ ಗದರುತ್ತಿದ್ದರು. ಕಳೆದ ವರ್ಷ ಒಂದು ಮಧ್ಯಾಹ್ನ ಮಲಗಿದವರು ಮತ್ತೆ ಏಳಲಿಲ್ಲ.

ಕೋಣೆಯಲ್ಲಿ ಏನೋ ನಡೆಯುತ್ತಿದೆ ಎಂದು ಮೊದಲು ತಿಳಿದದ್ದು ಮುದುಕ ದರ್ಜಿಯಿಂದ. ಹೊಲಿಗೆ ಯಂತ್ರ ತುಳಿದು ತುಳಿದು ಸವೆದ ಅವನ ಪಾದಗಳಿಗೆ ಸ್ಪರ್ಶ ಹೋಗಿ ಬಹಳ ಕಾಲವಾಗಿತ್ತು. ಮೋಡದ ದಿನ. ಟೀಚರಮ್ಮ ಎಳೆಯನ್ನು ಇನ್ನೂ ಒರೆಸುತ್ತಿದ್ದರು. ದರ್ಜಿ ಕಣ್ಣು ಮುಚ್ಚಿಕೊಂಡೇ "ಹಾಂ" ಅಂದ.

"ನಾನಿನ್ನೂ ಮುಟ್ಟಿಲ್ಲ, ಅಣ್ಣ."

"ತಮಾಷೆ ಮಾಡ್ಬೇಡಿ ಅಕ್ಕ. ಎಡಗಾಲು, ಕಿರುಬೆರಳ ಕೆಳಗೆ. ಒತ್ತಿ ಹಿಡ್ಕೊಂಡಿದ್ದೀರಲ್ಲ." ಅವನ ಮುಖ ಅರಳಿತ್ತು. "ಎಷ್ಟು ವರ್ಷ ಆಯ್ತು, ಕಾಲಿಗೊಂದು ಕೈ ತಾಗಿದ್ದು ಗೊತ್ತಾಗಿ!"

ಟೀಚರಮ್ಮ ಆ ಜಾಗವನ್ನು ದೀಪ ಹಿಡಿದು ನೋಡಿದರು. ಗಾಯವಿಲ್ಲ, ಕೆಂಪಿಲ್ಲ. ಎಳೆಯಿಂದ ನಿಜವಾಗಿ ಒತ್ತಿದಾಗ ದರ್ಜಿ ಸುಮ್ಮನೇ ಕೂತಿದ್ದ. ಪಾಪ, ಆಸೆಗೆ ಹೇಳಿದ್ದಾನೆ ಎಂದುಕೊಂಡು ಅವನ ಸಂತೋಷವನ್ನು ಅವರು ಕೆಡಿಸಲಿಲ್ಲ.

ಮಾರನೆಯ ದಿನ ಅತ್ತೆ ಸೊಸೆ ಬಂದರು. ಇಬ್ಬರೂ ಬಂದರೆಂದರೆ ಬಾಗಿಲಲ್ಲೇ ಗೊತ್ತಾಗುತ್ತಿತ್ತು.

"ನಿಧಾನ ಅತ್ತೆ, ಮೆಟ್ಟಿಲಿದೆ."

"ಕಣ್ಣು ಹೋಗಿಲ್ಲ ನಂಗೆ. ಕಾಲು ಮಾತ್ರ ಹೋಗಿರೋದು."

"ಬಾಯಿ ಗಟ್ಟಿ ಇದೆಯಲ್ಲ, ಅದೇ ಸಾಕು ಬಿಡಿ."

ಸೊಸೆಯ ನಾಲಿಗೆ ಹೀಗಿದ್ದರೂ ಅತ್ತೆಯ ಚಪ್ಪಲಿ ಬಿಚ್ಚಿದವಳು ಅದನ್ನು ನೆಲಕ್ಕಿಡದೆ ಕೈಯಲ್ಲೇ ಹಿಡಿದು ನಿಂತಳು. ಹೊರಡುವಾಗ ಒಳಗೆಲ್ಲ ಬೆರಳಾಡಿಸಿ, ಕಲ್ಲು ಮಣ್ಣು ಇಲ್ಲವೆಂದು ನೋಡಿಯೇ ತೊಡಿಸುತ್ತಿದ್ದಳು. ಗೋಡೆಯ ಮೇಲೆ ಟೀಚರಮ್ಮ ತಮ್ಮ ದುಂಡಕ್ಷರದಲ್ಲಿ ಬರೆದು ಹಚ್ಚಿದ್ದ ಹಾಳೆಯ ಮಾತು ಅದು: 'ಮೆಟ್ಟುವ ಮುನ್ನ ಒಳಗೆ ಕೈಯಾಡಿಸಿ.' ಈಚೆಗೆ ಆ ಹಾಳೆಯ ಒಂದು ಮೂಲೆ ಸುರುಳಿಯಾಗಿ ಕೆಳಗೆ ಬಾಗಿತ್ತು.

ಅತ್ತೆ ಕಣ್ಣು ಮುಚ್ಚಿದರು. ಟೀಚರಮ್ಮ ಈ ಸಲ ಬೇಕೆಂದೇ ಎರಡೂ ಕೈ ಮಡಿಲಲ್ಲಿಟ್ಟುಕೊಂಡು ಕಾದರು. ಕೋಣೆಯಲ್ಲಿ ಅಂಟಿನ ವಾಸನೆ ದಟ್ಟವಾಯಿತು.

"ಹಾಂ" ಅಂದರು ಅತ್ತೆ. "ಎಡಗಡೆ, ಕಿರುಬೆರಳ ಕೆಳಗೆ. ಅಯ್ಯೋ, ಎಂಥ ತಣ್ಣನೆ ಕೈಯಮ್ಮಾ ನಿಂದು. ಬೆರಳ ತುದಿ ಬೇರೆ ಒರಟು."

"ಅತ್ತೆ, ಅವರು ನಿಮ್ಮನ್ನ ಮುಟ್ಟೇ ಇಲ್ಲ" ಎಂದು ಸೊಸೆ ಪಿಸುಗುಟ್ಟಿದಳು. ಚಪ್ಪಲಿಗಳನ್ನು ಎದೆಗೆ ಅವಚಿಕೊಂಡಳು.

"ಮತ್ತೆ ಯಾರು ಹಿಮ್ಮಡಿ ತಟ್ತಿರೋದು, ನೀನಾ?"

ಟೀಚರಮ್ಮ ತಮ್ಮ ಕೈಯನ್ನು ಕೆನ್ನೆಗೆ ಒತ್ತಿಕೊಂಡು ನೋಡಿದರು. ಅದು ಬೆಚ್ಚಗಿತ್ತು.

ಅವರಿಬ್ಬರೂ ಹೋದ ಮೇಲೆ ಪಕ್ಕದ ಕೋಣೆಯಲ್ಲಿ ರಕ್ತ ನೋಡುವ ಕಾಂಪೌಂಡರನನ್ನು ಕರೆದು ಎಲ್ಲವನ್ನೂ ಹೇಳಿದರು. ಕಾಂಪೌಂಡರನಿಗೆ ಹೊಟ್ಟೆಯೂ ದೊಡ್ಡದು, ನಗುವೂ ದೊಡ್ಡದು.

"ನಮ್ಮದು ಊರವರ ಕಾಲಿಗೆ ಬುದ್ಧಿ ಹೇಳೋ ಕೆಲಸ ಟೀಚರಮ್ಮ. ನೀವು ಹೆದರಿ ಕಾಲಿಗೆ ಬುದ್ಧಿ ಹೇಳಿಬಿಟ್ಟರೆ ಹೇಗೆ? ನೋಡಿ, ನನಗೆ ಕಾಯಿಲೆ ಇಲ್ಲ. ನನ್ನ ಕಾಲು ಸುಳ್ಳು ಹೇಳಲ್ಲ. ಹೊಸ ಎಳೆ ತನ್ನಿ" ಎಂದು ಬೂಟು ಕಳಚಿ ಸ್ಟೂಲಿನ ಮೇಲೆ ಕೂತು ಕಣ್ಣು ಮುಚ್ಚಿದ.

ಟೀಚರಮ್ಮ ಕೋಣೆಯ ಆ ತುದಿಯ ಕಪಾಟಿಗೆ ಹೋಗಿ ಹೊಸ ಎಳೆ ಹುಡುಕತೊಡಗಿದರು. ಹಿಂದಿನಿಂದ ಕಾಂಪೌಂಡರನ ದನಿ ಕೇಳಿತು.

"ಹಾಂ, ಹಾಂ. ಮೆಲ್ಲಗೆ ಒತ್ತಿ, ಟೀಚರಮ್ಮ. ಉಗುರು ತಾಗ್ತಿದೆ."

ಅವರು ಕಪಾಟಿನ ಬಾಗಿಲು ಹಿಡಿದುಕೊಂಡರು. "ನಾನು ಇಲ್ಲಿದ್ದೀನಪ್ಪ" ಎಂದರು.

ಕಾಂಪೌಂಡರ ಕಣ್ಣು ತೆರೆದ. ಟೀಚರಮ್ಮ ನಿಜಕ್ಕೂ ಕಪಾಟಿನ ಹತ್ತಿರವೇ ನಿಂತಿದ್ದರು. ಅವನ ದೊಡ್ಡ ನಗು ಎಲ್ಲಿ ಹೋಯಿತೋ. ತನ್ನ ಎಡಗಾಲಿನ ಕಿರುಬೆರಳನ್ನು ಮುಟ್ಟಿ ನೋಡಿಕೊಂಡ. ಏನೂ ಇರಲಿಲ್ಲ. ಹೊರಗೆ ಬೀದಿಯಲ್ಲಿ ಯಾರೋ ಸೈಕಲ್ ಗಂಟೆ ಬಾರಿಸುತ್ತ ಹೋದರು.

ಟೀಚರಮ್ಮ ಬಂದು ಎದುರಿನ ಸ್ಟೂಲಿನಲ್ಲಿ ಕೂತರು. ಕಾಂಪೌಂಡರನ ನೋಟ ಕೆಳಗಿನ ಕನ್ನಡಿಗೆ ಬಿದ್ದು ಅಲ್ಲೇ ನಿಂತಿತು. ಕನ್ನಡಿಯಲ್ಲಿ ಅವನ ಬರಿಗಾಲುಗಳಿದ್ದವು, ಅವುಗಳ ಎದುರಿಗೆ ಟೀಚರಮ್ಮ ಕೋಣೆಯೊಳಗಷ್ಟೇ ಹಾಕುತ್ತಿದ್ದ ಬಟ್ಟೆ ಶೂಗಳು. ಆ ಕೋಣೆಯಲ್ಲಿ ಯಾವತ್ತೂ ಬರಿದಾಗದ ಕಾಲುಗಳು ಅವೆರಡೇ.

"ಟೀಚರಮ್ಮ, ನಿಮ್ಮ ಎಡಗಡೆ ಶೂ ಒದ್ದೆಯಾಗಿದೆ."

"ನೀರು ಚೆಲ್ಲಿರಬೇಕು."

"ಕಿರುಬೆರಳ ಹತ್ತಿರ ಮಾತ್ರ ಚೆಲ್ಲುತ್ತಾ ನೀರು?"

ಅವರಿಗೆ ಎದ್ದು ಓಡಿಹೋಗಬೇಕೆನಿಸಿತು. ಎರಡು ದಿನದಿಂದ ಕಾಲುಚೀಲ ಒಗೆದ ನೀರು ಕಂದಾಗುತ್ತಿತ್ತು. ಬಣ್ಣ ಬಿಡುತ್ತಿದೆ ಎಂದು ಬೇಗ ಬೇಗ ಚೆಲ್ಲಿದ್ದರು. ಅಣ್ಣನ ಹೊದಿಕೆಯ ಸಪಾಟು ಜಾಗ ಕಣ್ಣ ಮುಂದೆ ಬಂತು. "ನಾಳೆ..." ಎಂದು ಬಾಯಿ ತೆರೆದರು. ಆ ಮಾತು ಅರ್ಧಕ್ಕೇ ನಿಂತಿತು, ಏಕೆಂದರೆ ಅಂಟಿನ ವಾಸನೆಯ ನಡುವೆ ಯಾರೋ ಹತ್ತಿರದಲ್ಲೇ ಕೂತು ಕಾಯುತ್ತಿರುವಂತೆ, ತಾಳ್ಮೆಯಿಂದ ಉಸಿರಾಡುತ್ತಿರುವಂತೆ ಅವರಿಗೆ ಅನ್ನಿಸಿತು.

"ಬಿಚ್ಚಪ್ಪ" ಎಂದು ಕಾಲು ಚಾಚಿದರು. ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡರು.

ಕಾಂಪೌಂಡರ ಮಗುವಿನ ಕಾಲಿನಿಂದ ಕಳಚುವ ಹಾಗೆ ಶೂ ಕಳಚಿದ. ಕಾಲುಚೀಲವನ್ನು ನೀರಲ್ಲಿ ನೆನೆಸಿ ನೆನೆಸಿ ಬಿಡಿಸಿದ. ಕಿರುಬೆರಳ ಕೆಳಗೆ ಕಪ್ಪಗೆ ಗಾಯವಾಗಿತ್ತು. ಶೂ ಒಳಗೆ ಮೊನೆ ಮೇಲಾಗಿ ನಿಂತಿತ್ತು ಒಂದು ಗುಂಡುಸೂಜಿ, ಗೋಡೆಗೆ ಕಾಗದ ಹಚ್ಚುವಂಥದು. ಇಬ್ಬರೂ ತಲೆಯೆತ್ತಿ ಗೋಡೆ ನೋಡಿದರು. ಟೀಚರಮ್ಮ ದಿನಾ ಸಂಜೆ ತಮ್ಮ ಶೂ ಬಿಟ್ಟು ಹೋಗುತ್ತಿದ್ದ ಜಾಗದ ನೇರ ಮೇಲೆ, 'ಮೆಟ್ಟುವ ಮುನ್ನ ಒಳಗೆ ಕೈಯಾಡಿಸಿ' ಎಂಬ ಹಾಳೆ ಒಂದು ಸೂಜಿ ಕಳೆದುಕೊಂಡು ಬಾಗಿ ನಿಂತಿತ್ತು.

ಯಾರೂ ನಗಲಿಲ್ಲ. ಕಾಂಪೌಂಡರ ಅವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋದ. ದಾರಿಯುದ್ದಕ್ಕೂ ಅವರ ಕಾಲನ್ನು ತನ್ನ ತೊಡೆಯ ಮೇಲಿಟ್ಟುಕೊಂಡೇ ಕೂತಿದ್ದ. ವೈದ್ಯೆ ನೋಡಿ, ಇನ್ನು ಸ್ವಲ್ಪ ತಡವಾಗಿದ್ದರೆ ಪಾದವೇ ಹೋಗುತ್ತಿತ್ತು ಎಂದರು. ಕಿರುಬೆರಳು ಹೋಯಿತು. ಪಾದ ಉಳಿಯಿತು.

ಗಾಯ ಮಾಗುವವರೆಗೆ ಪಾದದ ಕೋಣೆಯನ್ನು ಕಾಂಪೌಂಡರನೇ ನೋಡಿಕೊಂಡ. ಆಮೇಲೆ ಮುಟ್ಟದೆ ಹಾಂ ಅಂದವರು ಒಬ್ಬರೂ ಇರಲಿಲ್ಲವಂತೆ. ದರ್ಜಿ ಮಾತ್ರ ಬಹಳ ಹೊತ್ತು ಕಣ್ಣು ಮುಚ್ಚಿ ಕಾದು, ಕೊನೆಗೆ ಪೆಚ್ಚಾಗಿ ಎದ್ದುಹೋದ. ಹೋಗುವಾಗ ಟೀಚರಮ್ಮನಿಗೆಂದು ಒಂದು ಜೊತೆ ಬಿಳೀ ಕಾಲುಚೀಲ ಕೊಟ್ಟ. ತಾನೇ ಹೊಲಿದದ್ದು, ಮೆತ್ತನೆ ಹಳೇ ಬಟ್ಟೆಯಲ್ಲಿ. "ಬಿಳೀ ಬಟ್ಟೆ ಮೇಲೆ ಏನಾದರೂ ತಕ್ಷಣ ಕಾಣ್ಸುತ್ತೆ, ಅಕ್ಕನಿಗೆ ಹೇಳಿ" ಅಂದನಂತೆ.

ಆ ಚೀಲ ಹಾಕಿಕೊಂಡೇ ಟೀಚರಮ್ಮ ಮರಳಿದರು. ಅಂದು ಬಿಸಿಲಿತ್ತು, ಗೋಡೆಗಳಿಂದ ಯಾವ ವಾಸನೆಯೂ ಇರಲಿಲ್ಲ. ತಾವಾಗಿಯೇ ಸ್ಟೂಲಿನ ಮೇಲೆ ಕೂತು ಎರಡೂ ಕಾಲು ಬರಿದುಮಾಡಿ, "ಇವತ್ತು ಮೊದಲು ನಂದು" ಎಂದರು.

"ಸೂರ್ಯ ಯಾವ ಕಡೆ ಹುಟ್ಟಿದ್ದಾನಪ್ಪ ಇವತ್ತು!" ಎಂದ ಕಾಂಪೌಂಡರ. ಅವನ ನಗು ಮರಳಿ ಬಂದಿತ್ತು. "ಕಣ್ಣು ಮುಚ್ಚಿ."

ಟೀಚರಮ್ಮ ಮುಚ್ಚಿದರು. ಎಷ್ಟು ಜಾಗ ಸತ್ತಿದೆಯೋ, ಎಷ್ಟು ಉಳಿದಿದೆಯೋ, ಇನ್ನು ತಿಳಿಯಲೇಬೇಕು.

ಆಗ ಎಡಗಾಲಿನಲ್ಲಿ ಒಂದು ಬೆರಳು ತಾಗಿತು. ತಣ್ಣಗಿತ್ತು, ತುದಿ ಒರಟಾಗಿತ್ತು. ಅದು ಒತ್ತಿದ್ದು ಕಿರುಬೆರಳನ್ನು. ಈಗ ಅಲ್ಲಿಲ್ಲದ ಕಿರುಬೆರಳನ್ನು. ಟೀಚರಮ್ಮನ ಮೈಯೆಲ್ಲ ಮುಳ್ಳೆದ್ದಿತು, ಆದರೆ ಕಾಲನ್ನು ಹಿಂದಕ್ಕೆ ಎಳೆದುಕೊಳ್ಳಲಿಲ್ಲ. ಬೆರಳು ಒಂದೊಂದೇ ಜಾಗ ನೋಡುತ್ತ, ಅವಸರವಿಲ್ಲದೆ, ಎರಡೂ ಪಾದ ಮುಗಿಸಿತು. ಕೊನೆಗೆ ಹಿಮ್ಮಡಿಯ ಮೇಲೆ ಎರಡು ತಟ್ಟು.

"ಹಾಂ" ಎಂದರು ಅವರು.

"ಏನ್ ಹಾಂ?" ಕಾಂಪೌಂಡರನ ದನಿ ಕಪಾಟಿನ ಕಡೆಯಿಂದ ಬಂತು. "ಎಳೆ ಹುಡುಕ್ತಾ ಇದ್ದೀನಿ. ನಾನಿನ್ನೂ ಶುರುನೇ ಮಾಡಿಲ್ಲ."

ಟೀಚರಮ್ಮ ಕಣ್ಣು ತೆರೆಯಲಿಲ್ಲ.

"ನೀನು ಮಾಡಪ್ಪ" ಎಂದರು. "ಅವರದು ಈಗ ಮುಗೀತು."