ಹದಿಮೂರು ಪೊಟ್ಟಣ

ರಾಜಾಜಿನಗರದಲ್ಲಿ ಆಗಿನ್ನೂ ಮನೆಗಳಿಗಿಂತ ಸೈಟಿನ ಕಲ್ಲುಗಳೇ ಹೆಚ್ಚು. ವೆಂಕಟಗಿರಿಯಪ್ಪನವರ ಮನೆಯ ಹಿತ್ತಲಲ್ಲಿ ನಿಂತರೆ ಲಗ್ಗೆರೆಯ ಕಡೆಯ ರಾಗಿ ಹೊಲಗಳು ಕಾಣುತ್ತಿದ್ದುವು. ಯಜಮಾನರು ನಿವೃತ್ತ ಶಿರಸ್ತೇದಾರರು, ಬಡಾವಣೆಯ ಉತ್ಸವ ಸಮಿತಿಯ ಅಧ್ಯಕ್ಷರು. ಬೆಳಗಿನ ಕಾಫಿಯಾದ ಮೇಲೆ ಪತ್ರಿಕೆಯನ್ನು ಮನೆಗೆಲ್ಲ ಕೇಳುವಂತೆ ಓದಿ, ಒಂದೊಂದು ಸುದ್ದಿಗೂ ಒಂದೊಂದು ತೀರ್ಪು ಕೊಡುತ್ತಿದ್ದರು. ಅವರು ನಿವೃತ್ತರಾದದ್ದು ಕಚೇರಿಗೆ ಗೊತ್ತಿತ್ತು; ಅವರ ಗಂಟಲಿಗೆ ಗೊತ್ತಿರಲಿಲ್ಲ.

ಅಡಿಗೆಮನೆಯಲ್ಲಿ ಸೊಸೆ ಪ್ರಭಾ ಹುರುಳಿಕಾಯಿ ಮುರಿಯುತ್ತ, ಮಾವನ ಮಾತಿಗೆ ಸರಿಯಾಗಿ ತುಟಿ ಆಡಿಸುತ್ತಿದ್ದಳು. ಹುಬ್ಬು ಏರಿಸಬೇಕಾದ ಕಡೆ ಹುಬ್ಬು, ಕೆಮ್ಮಬೇಕಾದ ಕಡೆ ಸದ್ದಿಲ್ಲದ ಕೆಮ್ಮು. ಅತ್ತೆ ಲಕ್ಷ್ಮಿದೇವಮ್ಮ ಸೆರಗು ಬಾಯಿಗೆ ಒತ್ತಿಕೊಂಡರು.

"ಸಾಕು ಸುಮ್ನಿರೇ. ಅವರು ಈ ಕಡೆ ತಿರುಗಿ ನೋಡಿದ್ರೆ ಇಬ್ಬರಿಗೂ ಮಂಗಳಾರತಿ ಆಗುತ್ತೆ."

ಯಜಮಾನರು ತಿರುಗಲಿಲ್ಲ, ಎದ್ದೇ ಬಂದರು. ಆ ದಿನ ಅವರ ಹತ್ತಿರ ಪತ್ರಿಕೆಯದಕ್ಕಿಂತ ದೊಡ್ಡ ಸುದ್ದಿಯಿತ್ತು. ನಟಭೂಷಣ ಮುನಿರಾಜು ಅವರ ಕಂಪನಿ ನಾಳೆಯಿಂದ ಮೂರು ದಿನ ಬಡಾವಣೆಯ ಮೈದಾನದಲ್ಲಿ ನಾಟಕವಾಡಲಿತ್ತು. ನಟಭೂಷಣರು ಇಳಿದುಕೊಳ್ಳುವುದು ಅಧ್ಯಕ್ಷರ ಮನೆಯಲ್ಲೇ.

"ಮುಂದಿನ ಕೋಣೆ ಖಾಲಿ ಮಾಡಿ. ದಿನಾ ಒಂದು ಸೇರು ಹಾಲು, ಅರ್ಧ ಸೇರಿಗೆ ಇಳಿಯೋವರೆಗೂ ಕಾಯಿಸಿ, ಕೆನೆ ಸಮೇತ ಕೊಡಬೇಕು. ಆ ಗುಳಿಗೆ ತಗೊಂಡ ಮೇಲೆ ಹಾಲು ಇರಲೇಬೇಕಂತೆ."

"ಯಾವ ಗುಳಿಗೆ ಮಾವ?"

"ದೊಡ್ಡ ಕಲಾವಿದರು ತಗೊಳ್ಳತಕ್ಕಂಥದ್ದು. ಸ್ವರ ನಿಲ್ಲೋದಕ್ಕೆ. ತಾಂಬೂಲದ ಜೊತೆಗೆ ಬೆಳ್ಳಿ ತಟ್ಟೇಲಿ ಇಟ್ಟು ಕೊಡೋದು ಪದ್ಧತಿ. ಮೈಸೂರಲ್ಲಿ, ಹಾಸನದಲ್ಲಿ, ಎಲ್ಲಾ ದೊಡ್ಡ ಮನೆಗಳಲ್ಲೂ ಹಾಗೇ ಮಾಡಿದಾರೆ."

"ಅಫೀಮಾ?"

ಮಾವನ ಮುಖ ಬಿಗಿಯಾಯಿತು. "ಮನೆಗೆ ಬರೋ ದೊಡ್ಡವರ ವಿಷಯದಲ್ಲಿ ಆಡೋ ಮಾತಲ್ಲಮ್ಮ ಅದು."

ಒಂಬತ್ತು ದಿನದ ಹಿಂದೆ ಅದೇ ಜಾಗದಲ್ಲಿ ನಿಂತು ಅವರೇ ಆ ಮಾತನ್ನು ಹತ್ತು ಸಲ ಆಡಿದ್ದರು. ಪ್ರಭಾಳ ತಮ್ಮ ಶ್ಯಾಮಸುಂದರನ ವಿಷಯದಲ್ಲಿ ಆಡುವುದಕ್ಕೆ ಅಡ್ಡಿಯಿರಲಿಲ್ಲ.

ಶಾಮು ಬಟ್ಟೆ ಗಿರಣಿಯಲ್ಲಿ ಮಗ್ಗ ರಿಪೇರಿ ಮಾಡುತ್ತಿದ್ದವನು. ಯಂತ್ರಕ್ಕೆ ಸಿಕ್ಕಿ ಎಡಗೈಯ ಎರಡು ಬೆರಳು ಜಜ್ಜಿಹೋದವು. ನೋವಿಗೆಂದು ಜೊತೆಯವನೊಬ್ಬ ಅಫೀಮಿನ ಚೂರು ಕೊಟ್ಟ. ಗಾಯ ಮಾಯಿತು, ಚೂರು ಉಳಿಯಿತು. ಆಮೇಲೆ ಕೆಲಸ ಹೋಯಿತು, ಗಿರಣಿಯ ವಸತಿ ಹೋಯಿತು. ಅಪ್ಪ ಅಮ್ಮ ಇಲ್ಲದ ಹುಡುಗ ಲಗ್ಗೆರೆಯಲ್ಲಿ ಕೆಂಚಪ್ಪನೆಂಬ ಪರಿಚಯದ ರೈತನ ದನದ ಕೊಟ್ಟಿಗೆಯಲ್ಲಿ ಮಲಗತೊಡಗಿದ. ಪ್ರಭಾ ಅವನನ್ನು ಮಾಗಡಿ ರಸ್ತೆಯ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಡಾಕ್ಟರು ಅಫೀಮನ್ನೇ ಅಳೆದು ಇಪ್ಪತ್ತೊಂದು ಕಾಗದದ ಪೊಟ್ಟಣ ಕಟ್ಟಿಸಿ ನಂಬರು ಹಾಕಿದರು. ಒಂದಕ್ಕಿಂತ ಮುಂದಿನದು ಚಿಕ್ಕದು. ಇಪ್ಪತ್ತೊಂದನೆಯದು ಸಾಸಿವೆ ಕಾಳಿನಷ್ಟು.

"ಇವನ ಕೈಗೇ ಕೊಟ್ಟರೆ ಎಲ್ಲ ಒಂದೇ ದಿನ ತಿಂದುಬಿಡ್ತಾನೆ. ದಿನಕ್ಕೊಂದರಂತೆ ಕೊಡೋರು ಬೇಕು, ಬೆಚ್ಚಗೆ ಒಂದು ಮೂಲೆ ಬೇಕು, ಹೊತ್ತಿಗೆ ಸರಿಯಾಗಿ ಹಾಲು ಅನ್ನ ಬೇಕು. ಅಷ್ಟಿದ್ರೆ ಬಿಡಿಸಬಹುದಮ್ಮ," ಎಂದಿದ್ದರು.

ಪ್ರಭಾ ಮಾವನನ್ನು ಮೂರು ವಾರಕ್ಕೆ ಒಂದು ಮೂಲೆ ಕೇಳಿದಳು. ಹಿತ್ತಲ ಸೌದೆ ಕೋಣೆಯಾದರೂ ಸಾಕೆಂದಳು.

"ಅಫೀಮು ತಿನ್ನತಕ್ಕಂಥವನನ್ನ ಮನೇಲಿಟ್ಕೊಂಡ್ರೆ, ಸಮಾಜದಲ್ಲಿ ಇರತಕ್ಕಂಥ ನಮ್ಮ ಮರ್ಯಾದೆ ಏನಾಗತಕ್ಕಂಥದ್ದು? ಅಫೀಮಿನವರು ಮೈ ಬಗ್ಗಿಸಿ ದುಡಿಯೋರಲ್ಲ. ಇವತ್ತು ಮೂಲೆ ಕೇಳ್ತಾನೆ, ನಾಳೆ ಪೆಟ್ಟಿಗೆಗೆ ಕೈ ಹಾಕ್ತಾನೆ."

ಗಂಡ ನಾಗರಾಜು ಭದ್ರಾವತಿಯಲ್ಲಿ ಕೆಲಸದ ಮೇಲಿದ್ದ. ಅವನು ಬರೆದ ಕಾಗದದಲ್ಲಿ ಇದ್ದದ್ದು ಒಂದೇ ಮಾತು: ಅಪ್ಪಯ್ಯ ಹೇಳಿದ ಹಾಗೆ ಮಾಡು.

ಹಾಗಾಗಿ ಶಾಮು ದಿನಾ ಮಧ್ಯಾಹ್ನ, ಮಾವ ಮಲಗಿದ ಹೊತ್ತಿಗೆ, ಲಗ್ಗೆರೆಯಿಂದ ನಡೆದು ಬಂದು ಹಿತ್ತಲ ಬಾಗಿಲಲ್ಲಿ ನಿಲ್ಲುತ್ತಿದ್ದ. ಪ್ರಭಾ ಬೇಳೆ ಡಬ್ಬಗಳ ಹಿಂದೆ ಇಟ್ಟ ತಗಡಿನ ಡಬ್ಬಿಯಿಂದ ಆ ದಿನದ ಪೊಟ್ಟಣ ತೆಗೆದು, ಒಂದು ಲೋಟ ಹಾಲಿನ ಜೊತೆ ಕೊಡುತ್ತಿದ್ದಳು. ಲಕ್ಷ್ಮಿದೇವಮ್ಮನಿಗೆ ಗೊತ್ತಿತ್ತು. ಗೊತ್ತಿಲ್ಲದವರ ಹಾಗೆ ಇದ್ದರು.

"ಹಿತ್ತಲಲ್ಲಿ ನಿಲ್ಲತಕ್ಕಂಥವನಿಗೆ ಹಾಲು ಕೊಡತಕ್ಕಂಥದ್ದು ಯಾವ ಕಾನೂನು?" ಎಂದ ಆ ದಿನ ಶಾಮು, ಗಂಟಲು ದಪ್ಪ ಮಾಡಿಕೊಂಡು. ಅಕ್ಕನಿಗಿಂತ ಅವನದೇ ಒಂದು ಕೈ ಮೇಲು. ಪ್ರಭಾ ನಕ್ಕಳು, ನಗುತ್ತಲೇ ಅವನ ಕೊರಳ ಮೂಳೆ ನೋಡಿದಳು.

"ಇದು ಎಂಟನೇದು. ನಿನ್ನೆಯದಕ್ಕಿಂತ ಚಿಕ್ಕದು ಕಣಕ್ಕ. ಆದ್ರೂ ರಾತ್ರಿ ನಿದ್ದೆ ಬಂತು."

"ಇನ್ನು ಹದಿಮೂರೇ ಕಣೋ."

"ಹದಿಮೂರೇ," ಎಂದ ಅವನೂ. ಇಪ್ಪತ್ತೆರಡನೆಯ ದಿನ ಗಿರಣಿಯ ಮೇಸ್ತ್ರಿಯನ್ನು ಹೋಗಿ ಕಾಣುವುದೆಂದು ಅವನು ಲೆಕ್ಕ ಹಾಕಿಟ್ಟುಕೊಂಡಿದ್ದ.

ಮರುದಿನ ಬೆಳಿಗ್ಗೆ ನಟಭೂಷಣರು ಕಾರಿನಲ್ಲಿ ಬಂದಿಳಿದರು. ಬಾಗಿಲಲ್ಲಿ ಆರತಿ, ರಸ್ತೆಯ ತುಂಬ ಜನ. ಆಳು ಎತ್ತರ, ದನಿ ಇನ್ನೂ ಎತ್ತರ. ಕಣ್ಣು ಮಾತ್ರ ಎಲ್ಲಿಯೋ ಬಾವಿಯೊಳಗೆ ಇದ್ದ ಹಾಗೆ. ಕೋಣೆಗೆ ಹೋದ ಸ್ವಲ್ಪ ಹೊತ್ತಿಗೆ ಕಂಪನಿಯ ಮ್ಯಾನೇಜರು ಹೊರಗೆ ಬಂದು ವೆಂಕಟಗಿರಿಯಪ್ಪನವರ ಕಿವಿಯಲ್ಲಿ ಏನೋ ಹೇಳಿದ. ಅವರು ಒಳಗೆ ಬಂದು ಹೆಂಡತಿಯ ಕಿವಿಯಲ್ಲಿ ಹೇಳಿದರು. ಪ್ರಭಾ ಬಾವಿಯ ಹತ್ತಿರ ಪಾತ್ರೆ ತೊಳೆಯುತ್ತಿದ್ದಳು.

ಹಾಲು ಕುಡಿದಿಟ್ಟ ಲೋಟ ತರಲು ಅವಳು ಮುಂದಿನ ಕೋಣೆಗೆ ಹೋದಾಗ ನಟಭೂಷಣರು ಕಣ್ಣು ಮುಚ್ಚಿ ಒರಗಿದ್ದರು. ಬೆಳ್ಳಿ ತಟ್ಟೆಯಲ್ಲಿ, ವೀಳ್ಯದೆಲೆಯ ಪಕ್ಕದಲ್ಲಿ, ಬಿಚ್ಚಿದ ಕಾಗದದ ಚೂರುಗಳು ಬಿದ್ದಿದ್ದವು. ಒಂದರ ಮೇಲೆ ಒಂಬತ್ತು ಎಂದು ಬರೆದಿತ್ತು. ಇನ್ನೊಂದರ ಮೇಲೆ ಹದಿನಾಲ್ಕು. ಇಪ್ಪತ್ತೊಂದೂ ಇತ್ತು.

ಅವಳು ಅಡಿಗೆಮನೆಗೆ ಬಂದು ಅತ್ತೆಯ ಮುಂದೆ ನಿಂತಳು. "ಎಲ್ಲಾನೂ ಕೊಟ್ರಾ ಅತ್ತೆ?"

"ಅಂಗಡಿಯವನು ಡಾಕ್ಟ್ರ ಚೀಟಿ ಇಲ್ದೆ ಕೊಡಲ್ಲ ಅಂದನಂತೆ ಕಣೇ. ಮನೆಗೆ ಬಂದ ದೊಡ್ಡೋರು, ತಟ್ಟೇಲಿ ಬರೀ ಎಲೆ ಅಡಿಕೆ ಇಟ್ಟು ಕೊಡೋಕಾಗುತ್ತಾ? ನಿನ್ನ ಡಬ್ಬಿ ವಿಷಯ ಇವರಿಗೆ ಹೇಳಿ ಒಂದೆರಡು ಕೊಟ್ಟೆ. ಸಾಲಲ್ಲ ಅಂದ್ರು. ಒಂದೊಂದೂ ಇಷ್ಟಿಷ್ಟೇ ಇತ್ತಲ್ಲ..." ಲಕ್ಷ್ಮಿದೇವಮ್ಮ ಅವಳ ಮುಖ ನೋಡದೆ ಒಲೆಗೆ ಸೌದೆ ತಳ್ಳಿದರು. "ನಿನ್ನ ತಮ್ಮನಿಗೆ ಡಾಕ್ಟ್ರು ಇನ್ನೊಂದು ಸಲ ಕೊಡ್ತಾರೆ ಬಿಡು."

ಹದಿಮೂರು ದಿನದ ಅಳತೆ ಒಂದೇ ಲೋಟ ಹಾಲಿನಲ್ಲಿ ಇಳಿದುಹೋಗಿತ್ತು.

ಮಧ್ಯಾಹ್ನ ಶಾಮುವಿಗೆ ಅವಳು ಬರೀ ಹಾಲು ಕೊಟ್ಟಳು, ಆದದ್ದನ್ನು ಹೇಳಿದಳು, ಡಾಕ್ಟರ ಹತ್ತಿರ ಕಳಿಸಿದಳು. ಡಾಕ್ಟರು ಊರಿಗೆ ಹೋಗಿದ್ದರು. ಬರುವುದು ನಾಳೆ ಸಂಜೆಗೆ. ಆ ದಿನದ ನಾಟಕ ಬಹಳ ಚೆನ್ನಾಗಿ ನಡೆಯಿತು. ಮಧ್ಯದಲ್ಲಿ ನಟಭೂಷಣರು ಮಾತು ಮರೆತು, ಅಡ್ಡ ಜೋಲಿ ಹೊಡೆದು, ಸುಮ್ಮನೆ ನಿಂತುಬಿಟ್ಟರು. ಏನು ಭಾವಾವೇಶ, ಏನು ಭಾವಾವೇಶ, ಎಂದು ಜನ ಚಪ್ಪಾಳೆ ತಟ್ಟಿದರು.

ಎರಡನೆಯ ದಿನ ಇಳಿಹೊತ್ತಿಗೆ ಶಾಮು ಹಿತ್ತಲ ಬಾಗಿಲಿಗೆ ನಡೆದುಕೊಂಡು ಬರಲಿಲ್ಲ. ಕೆಂಚಪ್ಪ ಎತ್ತಿನ ಗಾಡಿಯಲ್ಲಿ ತಂದು ಗೋಡೆಗೆ ಒರಗಿಸಿ ಕೂರಿಸಿದ. ಮೂಗು ಕಣ್ಣು ಸುರಿಯುತ್ತಿದ್ದವು. ಬಿಸಿಲಲ್ಲೂ ಮೈ ಮುಳ್ಳೆದ್ದಿತ್ತು. ಹೊಟ್ಟೆ ಹಿಡಿದುಕೊಂಡು ಮಡಚಿಕೊಳ್ಳುತ್ತಿದ್ದ.

"ಬೆಳಗ್ಗಿಂದ ಏನೂ ನಿಂತಿಲ್ಲ ತಾಯಿ ಹೊಟ್ಟೇಲಿ," ಎಂದ ಕೆಂಚಪ್ಪ. "ಯಾರಾದ್ರೂ ಒಳಗೆ ಮಲಗಿಸ್ಕೊಳ್ಳಿ. ಕೊಟ್ಟಿಗೇಲಿ ಆಗಲ್ಲ."

ಪ್ರಭಾ ಕಂಬಳಿ ತರಲು ಒಳಗೆ ಓಡಿದಳು. ನಡುಮನೆಯಲ್ಲಿ ಮಾವ ಅವಳನ್ನು ತಡೆದರು. ಮುಂದಿನ ಕೋಣೆಯಿಂದ ಆಕಳಿಕೆ ಕೇಳುತ್ತಿತ್ತು, ಒಂದರ ಹಿಂದೆ ಒಂದು. ನಟಭೂಷಣರೂ ಹೊಟ್ಟೆ ಹಿಡಿದುಕೊಂಡು ಕೂತಿದ್ದರು.

"ಪ್ರಭಾ, ನಿನ್ನಿಂದ ಒಂದು ಕೆಲಸ ಆಗಬೇಕಮ್ಮ," ಎಂದರು ಮಾವ. ಇಷ್ಟು ಮೃದುವಾಗಿ ಅವರು ಅವಳನ್ನು ಕರೆದದ್ದು ಮದುವೆಯಲ್ಲಿ ಒಂದೇ ಸಲ. "ಡಾಕ್ಟರು ಊರಿಂದ ಬರೋ ಹೊತ್ತು. ಜಟಕಾ ತರಿಸ್ತೀನಿ. ನಿನ್ನ ತಮ್ಮನ ಹೆಸರಲ್ಲಿ ಇನ್ನೊಂದು ಸಲ ಪೊಟ್ಟಣ ಕಟ್ಟಿಸಿಕೊಂಡು ಬಾ. ಕಳೆದುಹೋಯ್ತು ಅನ್ನು."

"ತಂದು ಯಾರಿಗೆ ಕೊಡಬೇಕು?"

"ಮೈದಾನ ತುಂಬಿಹೋಗಿದೆ. ಇನ್ನು ಮೂರು ಗಂಟೇಲಿ ನಾಟಕ. ನೀನೇ ಯೋಚನೆ ಮಾಡು."

"ಶಾಮು ಈ ಮನೆಯೊಳಗೆ ಬರಬಾರದು. ಅವನ ಹೆಸರು ಮಾತ್ರ ಬರಬಹುದು. ಹಾಗೇ ಅಲ್ವಾ ಮಾವ?"

"ಅವರಿಗೂ ಇವನಿಗೂ ಹೋಲಿಕೆಯೇನಮ್ಮ? ಅವರು ಕಲೆಗೋಸ್ಕರ ದೇಹ ಸವೆಸತಕ್ಕಂಥವರು."

"ಶಾಮು ರಿಪೇರಿ ಮಾಡಿದ ಮಗ್ಗದಲ್ಲಿ ನೇಯ್ದದ್ದನ್ನೇ ಅಲ್ವಾ ಮಾವ ಊರೆಲ್ಲ ಉಟ್ಕೊಂಡಿರೋದು. ಅವನ ಬೆರಳು ಯಾವುದಕ್ಕೋಸ್ಕರ ಸವೆದದ್ದು?"

"ಎದುರು ಮಾತಾಡ್ತೀಯಾ?"

"ಇಲ್ಲ. ಹೋಗಲ್ಲ ಅಂತೀನಿ. ಸುಳ್ಳು ಹೇಳಿ ತಂದ್ರೆ ಇಬ್ಬರಲ್ಲಿ ಒಬ್ಬರಿಗೂ ಗುಣವಾಗಲ್ಲ. ಶಾಮು ಹಿತ್ತಲಲ್ಲಿ ಸಾಯೋ ಹಾಗೆ ಆಗಿದಾನೆ. ನಾನೀಗ ಅವನನ್ನ ಒಳಗೆ ಕರ್ಕೊಂಡು ಬರ್ತೀನಿ."

"ಕರ್ಕೊಂಡು ಬಂದ್ರೆ ನೀನೂ ಅವನ ಜೊತೆಗೇ ಹೊರಡಬೇಕಾಗುತ್ತೆ."

"ಹೊರಡ್ತೀನಿ ಮಾವ. ಗುಣವಾದ ಮೇಲೆ."

ಹಿತ್ತಲ ಬಾಗಿಲಿನಿಂದ ಲಕ್ಷ್ಮಿದೇವಮ್ಮ ಬಂದರು. ಯಾರೂ ಗಮನಿಸದ ಹೊತ್ತಿನಲ್ಲಿ ಅವರು ಹೊರಗೆ ಹೋಗಿ ಆ ಹುಡುಗನನ್ನು ನೋಡಿ ಬಂದಿದ್ದರು. ಸೆರಗಿನ ಮೇಲೆ ಅವನ ವಾಂತಿಯ ಕಲೆಯಿತ್ತು.

"ರೀ," ಎಂದರು. ಮೂವತ್ತೈದು ವರ್ಷದಲ್ಲಿ ಅವರು ಗಂಡನ ಮಾತಿನ ಮಧ್ಯೆ ಬಾಯಿ ಹಾಕಿದ್ದು ಅದೇ ಮೊದಲು. "ಪೆಟ್ಟಿಗೆಗೆ ಕೈ ಹಾಕ್ತಾನೆ ಅಂದ್ರಲ್ಲ. ಅವನು ಹಾಕಲಿಲ್ಲ. ಅವನ ಡಬ್ಬಿಗೆ ನಾನು ಕೈ ಹಾಕಿದೆ. ನೀವು ಹೇಳಿದ್ರಿ, ನಾನು ಕದ್ದೆ. ಯಾರನ್ನಾದ್ರೂ ಹೊರಗೆ ಕಳಿಸೋದಾದ್ರೆ ನನ್ನ ಕಳಿಸಿ. ಪ್ರಭಾ, ನೀನು ಆ ಕಡೆ ತೋಳು ಹಿಡ್ಕೋ ಬಾರೇ, ಒಬ್ಬಳ ಕೈಲಿ ಆಗಲ್ಲ."

ಅವರಿಬ್ಬರೂ ಅವನನ್ನು ನಡುಮನೆಗೆ ತಂದು, ಲಕ್ಷ್ಮಿದೇವಮ್ಮನ ಹಾಸಿಗೆಯಲ್ಲೇ ಮಲಗಿಸಿದರು. ವೆಂಕಟಗಿರಿಯಪ್ಪನವರು ಹೊರಗೆ ಹೋಗಿ, ನಟಭೂಷಣರಿಗೆ ಜ್ವರವೆಂದು ಹೇಳಿಸಿ ಡಾಕ್ಟರಿಗೆ ಜಟಕಾ ಕಳಿಸಿದರು.

ಡಾಕ್ಟರು ಬಂದು ಮುಂದಿನ ಕೋಣೆಯಲ್ಲೊಂದು ನಾಡಿ ಹಿಡಿದರು, ನಡುಮನೆಯಲ್ಲೊಂದು ನಾಡಿ ಹಿಡಿದರು.

"ಇಬ್ಬರಿಗೂ ಒಂದೇ ಕಾಯಿಲೆ."

"ಅವರು ನಟಭೂಷಣರು ಡಾಕ್ಟ್ರೇ," ಎಂದರು ವೆಂಕಟಗಿರಿಯಪ್ಪನವರು.

"ನಾಡಿಯಲ್ಲಿ ಬಿರುದು ಗೊತ್ತಾಗಲ್ಲ ಸ್ವಾಮಿ."

ಡಾಕ್ಟರು ಶಾಮುವಿಗೆ ಒಂಬತ್ತನೆಯದರಿಂದ ಮತ್ತೆ ಅಳತೆ ಹಾಕಿ ಪೊಟ್ಟಣ ಕಟ್ಟುವುದನ್ನು ನಟಭೂಷಣರು ಬಾಗಿಲ ಚೌಕಟ್ಟು ಹಿಡಿದು ನಿಂತು ನೋಡಿದರು. ರಂಗದ ಮೇಲೆ ಸಾವಿರ ಜನಕ್ಕೆ ಕೇಳುತ್ತಿದ್ದ ದನಿ ಆ ಕೋಣೆಯನ್ನು ದಾಟಲಿಲ್ಲ.

"ನನಗೂ ಹಾಗೆ ನಂಬರು ಹಾಕಿ ಕೊಡ್ತೀರಾ?"

"ಕೊಡ್ತೀನಿ. ನಿಮಗೆ ಮೂರು ವಾರ ಸಾಲಲ್ಲ, ಮೂರು ತಿಂಗಳು ಬೇಕು. ಒಂದು ಮನೆ ಬೇಕು, ನಿಮ್ಮ ಕೈಗೆ ಸಿಗದ ಹಾಗೆ ಇಟ್ಟುಕೊಂಡು ಕೊಡೋರು ಬೇಕು. ಬೇಡ ಅನ್ನೋ ಧೈರ್ಯ ಇರೋರು."

ನಟಭೂಷಣರು ಮ್ಯಾನೇಜರನ್ನು ನೋಡಿದರು. "ಶನಿವಾರ ತುಮಕೂರು ಒಪ್ಪಿಕೊಂಡಾಗಿದೆ ಯಜಮಾನ್ರೇ," ಎಂದ ಅವನು. ವೆಂಕಟಗಿರಿಯಪ್ಪನವರನ್ನು ನೋಡಿದರು. ಅವರು ಹೆಗಲ ಮೇಲಿನ ಶಲ್ಯ ಸರಿಮಾಡಿಕೊಂಡರು. ಮೂರು ದಿನಕ್ಕೆ ಮುಂದಿನ ಕೋಣೆ ಬಿಟ್ಟುಕೊಟ್ಟವರು ಮೂರು ತಿಂಗಳೆಂದಾಗ ಹೊರಬಾಗಿಲ ಕಡೆ ನಡೆದರು.

"ಹದಿನೆಂಟು ವರ್ಷದಿಂದ ಹೋದ ಮನೆಯಲ್ಲೆಲ್ಲಾ ತಟ್ಟೇಲಿ ಇಟ್ಟು ಕೊಟ್ರು ತಾಯಿ," ಎಂದರು ನಟಭೂಷಣರು ಪ್ರಭಾಳಿಗೆ. "ಬೇಡ ಅಂತ ಒಬ್ಬರೂ ಹೇಳಲಿಲ್ಲ." ತಮ್ಮ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು.

ಆ ಹೊತ್ತಿಗೆ ಸುದ್ದಿ ಹರಡಿ, ಹಣ್ಣು, ಎಳನೀರು ಹಿಡಿದುಕೊಂಡು ಜನ ಬರತೊಡಗಿದ್ದರು. ಎದುರು ಮನೆಯ ವಿಮಲಮ್ಮ ಎಲ್ಲರಿಗಿಂತ ಮುಂದೆ.

"ಪಾಪ, ಯಾರಿಗೆ ಹುಷಾರಿಲ್ಲ ಲಕ್ಷ್ಮಿದೇವಮ್ಮನೋರೆ? ಜ್ವರವಂತೆ? ಕಲಾವಿದರ ಮೈಯೇ ಸೂಕ್ಷ್ಮ ನೋಡಿ."

ವೆಂಕಟಗಿರಿಯಪ್ಪನವರು ಗಂಟಲು ಸರಿಮಾಡಿಕೊಂಡರು. ಅವರು ಬಾಯಿ ತೆರೆಯುವ ಮೊದಲೇ ಲಕ್ಷ್ಮಿದೇವಮ್ಮ ಹೊರಬಾಗಿಲಿಗೆ ಬಂದಿದ್ದರು.

"ಜ್ವರ ಅಲ್ಲ ವಿಮಲಮ್ಮ. ನಮ್ಮ ಸೊಸೆಯ ತಮ್ಮ ಅಫೀಮು ತಿಂತಿದ್ದ, ಬಿಡಿಸ್ತಾ ಇದೀವಿ."

ವಿಮಲಮ್ಮ ಒಂದು ಹೆಜ್ಜೆ ಹಿಂದೆ ಸರಿದರು. ಬಾಯಿಗೆ ಬಂದಿದ್ದ ಛೀ ಎಂಬ ಮಾತು ಅವರ ಮುಖದ ಮೇಲೆಯೇ ಕಾಣಿಸಿತು.

"ನೀವು ಆರತಿ ಎತ್ತಿ ಕರ್ಕೊಂಡ್ರಲ್ಲ, ಅವರಿಗೂ ಅದೇ," ಎಂದರು ಲಕ್ಷ್ಮಿದೇವಮ್ಮ. "ಅವರನ್ನ ಯಾರಾದ್ರೂ ಮೂರು ತಿಂಗಳು ಮನೇಲಿಟ್ಕೊಂಡು ನೋಡ್ಕೊಳ್ಳೋರು ಬೇಕಂತೆ. ನಿಮ್ಮಲ್ಲಿ ಕೋಣೆ ಇದೆಯಾ?"

ಅಂಗಳದಲ್ಲಿದ್ದ ಜನ ತಂದ ಹಣ್ಣು, ಎಳನೀರನ್ನು ಜಗಲಿಯ ಮೇಲಿಟ್ಟು ಒಬ್ಬೊಬ್ಬರಾಗಿ ರಸ್ತೆಗೆ ಇಳಿದರು. ಒಳಗೆ ಪ್ರಭಾ ಒಂಬತ್ತನೆಯ ಪೊಟ್ಟಣ ಬಿಚ್ಚಿ, ತಮ್ಮನ ತಲೆಯನ್ನು ತೊಡೆಯ ಮೇಲೆ ಎತ್ತಿಕೊಂಡಳು.