ಕಲ್ಮೇಶನಿಗೊಂದು ಸಾಲಿ

ಉಟಗಿಯಲ್ಲಿ ಮೂರು ವರ್ಷದ ಕೂಸು ಮಾತಾಡದಿದ್ದರೆ ಯಾರೂ ಗಾಬರಿಯಾಗುವುದಿಲ್ಲ. ಗಡಿಯ ಊರು, ಗೆರೆಯಾಚೆ ಮಹಾರಾಷ್ಟ್ರಕ್ಕೆ ಸೇರಿದ್ದು. ಮನೆಯಲ್ಲಿ ಕನ್ನಡ, ಬಜಾರದಲ್ಲಿ ಮರಾಠಿ, ಮೊಬೈಲಿನಲ್ಲಿ ಹಿಂದಿ. "ಎರಡ ಭಾಷಾದ ಮನಿ, ಮಾತ ತಡಾನ ಬರ್ತಾವ" ಎಂದು ಹೇಳುವುದಕ್ಕೆ ಇಲ್ಲಿ ಯಾರೂ ಡಾಕ್ಟರಾಗಬೇಕಿಲ್ಲ. ಎಷ್ಟೋ ಮಕ್ಕಳ ವಿಷಯದಲ್ಲಿ ಆ ಮಾತು ನಿಜವೂ ಆಗಿತ್ತು. ಕೆಟ್ಟದ್ದಾದದ್ದೇ ಅದರಿಂದ.

ಕಲ್ಮೇಶ ಅಪ್ಪಾಸಾಹೇಬನ ಮಗ. ಅಪ್ಪಾಸಾಹೇಬನದು ಊರ ನಡುವೆ ಕಾಳುಕಡಿ ಅಂಗಡಿ. ಹೆಂಡತಿ ದೀಪಾಲಿ ಶೇಗಾಂವದವಳು, ಮರಾಠಿ ಮಾತಿನ ಮನೆಯವಳು. ಅಪ್ಪಾಸಾಹೇಬನ ತಾಯಿ ಸಿದ್ದಲಿಂಗವ್ವನಿಗೆ ಮರಾಠಿ ಚೆನ್ನಾಗಿಯೇ ತಿಳಿಯುತ್ತದೆ. ಆದರೆ ಅದನ್ನು ಚಪ್ಪಲಿಯ ಹಾಗೆ ಹೊರಗೆ ಬಿಟ್ಟೇ ಒಳಗೆ ಬರಬೇಕೆಂಬುದು ಅವಳ ಹಟ.

ಮೊಮ್ಮಗನಿಗೆ ಮಾತು ಬರಲೆಂದು ಅವಳು ಮಾಡದ್ದಿಲ್ಲ. ಜೇನಿನಲ್ಲಿ ಬಜೆ ತೇಯ್ದು ನಾಲಿಗೆಗೆ ಹಚ್ಚಿದಳು. ಗಿಣಿ ಕಚ್ಚಿದ ಪೇರಲಹಣ್ಣು ಹುಡುಕಿ ತಿನ್ನಿಸಿದಳು. ಮಾತು ಬಂದರೆ ಬಸವಣ್ಣನ ಗುಡಿಗೆ ಹಿತ್ತಾಳೆ ಗಂಟೆ ಕಟ್ಟುತ್ತೇನೆಂದು ಹರಕೆ ಹೊತ್ತವಳು, ಕಾಯಲಾರದೆ ಮೊದಲೇ ಕಟ್ಟಿಬಿಟ್ಟಳು. ಮುಂಗಡ ತೆಗೆದುಕೊಂಡ ಮೇಲೆ ದೇವರಾದರೂ ನಾಚಿಕೆಗೆ ಕೆಲಸ ಮಾಡಬೇಕಲ್ಲ. ಆವತ್ತು ಅಪ್ಪಾಸಾಹೇಬ ಮಗನನ್ನು ಎತ್ತಿ ಹಿಡಿದು ಗಂಟೆ ಬಾರಿಸಿದ. ಕಲ್ಮೇಶ ಅದನ್ನು ಎರಡೂ ಕೈಯಿಂದ ತಬ್ಬಿಕೊಂಡು, ನಡುಗುವ ಹಿತ್ತಾಳೆಗೆ ಗಲ್ಲ ಹಚ್ಚಿ ಕೇಕೆ ಹಾಕಿ ನಕ್ಕ.

"ನೋಡ್ರಿ, ಗಂಟಿ ಸಪ್ಪಳಕ್ಕ ಹೆಂಗ ನಗ್ತೈತಿ ಕೂಸು! ಕಿವಿ ಚಲೋ ಅದಾವ. ನಾಲಿಗಿ ಒಂದು ತೊಡಕ ಬಿದ್ದೈತಿ" ಎಂದಳು ಸಿದ್ದಲಿಂಗವ್ವ.

ತೊಡಕಿಗೆ ಕಾರಣವನ್ನೂ ಅವಳೇ ಹುಡುಕಿದಳು. "ದೀಪಾ, ನೀ ಒಂದ ಹೇಳ್ತಿ, ನಾ ಒಂದ ಹೇಳ್ತೀನಿ. ಕೂಸು ಯಾವದರೆ ಹಿಡೀಬೇಕು? ನಿನ್ನ ಮರಾಠಿ ಒಂದೀಟ ಬಿಡವಾ."

ದೀಪಾಲಿ ಬಿಟ್ಟಳು. ಮಗನಿಗಾಗಿ ಏನನ್ನಾದರೂ ಬಿಡುತ್ತಿದ್ದಳು. ಅವಳ ಕನ್ನಡವೋ, ಉಣ್ಣು, ಬಾ, ಮಲಗು, ಅಷ್ಟಕ್ಕೇ ಮುಗಿಯುತ್ತಿತ್ತು. ಮುದ್ದು ಮಾಡುವುದು, ಬೈಯುವುದು, ತೊಟ್ಟಿಲು ತೂಗುವುದು ಎಲ್ಲ ಅವಳಿಗೆ ಮರಾಠಿಯಲ್ಲೇ ಬರುತ್ತಿದ್ದವು. ಅವು ನಿಂತವು. ಮಗನ ಎದುರು ಅವಳು ಬಾಯಿಗೆ ಬೀಗ ಹಾಕಿಕೊಂಡು ಓಡಾಡಿದಳು, ಒಂದು ವರ್ಷ ದಾಟಿಹೋಯಿತು.

ಅಷ್ಟರಲ್ಲಿ ಸಾಲಿಯ ಪ್ರಶ್ನೆ ಬಂತು. ಓಣಿಯ ತುದಿಯಲ್ಲೇ ಕನ್ನಡದ ಬಾಲವಾಡಿ ಇದೆ, ಅಲ್ಲಿಗೇ ಹೋಗಲಿ ಎಂದು ಅಜ್ಜಿ. ಮುಂದೆ ನೌಕರಿ ಎಲ್ಲ ಮರಾಠಿಯಲ್ಲೇ, ಮರಾಠಿಯ ಬಾಲವಾಡಿಗೆ ಹಾಕೋಣ ಎಂದು ದೀಪಾಲಿ; ಇಷ್ಟು ದಿನ ಬಿಟ್ಟುಕೊಟ್ಟದ್ದನ್ನು ಇದರಲ್ಲಾದರೂ ತಿರುಗಿ ಪಡೆಯುವ ಆಸೆ ಅವಳಿಗೆ. ಅಪ್ಪಾಸಾಹೇಬನಿಗೆ ಇಬ್ಬರ ನಡುವೆ ಅಡಕೊತ್ತಿನ ಅಡಕೆಯಾಗಿ ಸಾಕಾಗಿತ್ತು. "ಎರಡೂ ಬ್ಯಾಡ. ಜತ್ತಿನ್ಯಾಗ ಇಂಗ್ಲಿಷ್ ನರ್ಸರಿ ಐತಿ. ಜೀಪ ಹೋಗ್ತೈತಿ, ಜೀಪ ಬರ್ತೈತಿ" ಎಂದ. ವಾರಗಟ್ಟಲೆ ಮನೆಯಲ್ಲಿ ಇದೇ ಜಗಳ. ಮೂವರೂ ಕೂಗಾಡುವಾಗ ಕಲ್ಮೇಶ ನಡುವೆ ಕುಳಿತು ಹೆಸರುಕಾಳು ಒಂದೊಂದಾಗಿ ಡಬ್ಬಿಗೆ ಹಾಕುತ್ತಿದ್ದ. ಎಂಥ ಶಾಂತ ಕೂಸು ಎಂದು ಬಂದವರೆಲ್ಲ ಹೊಗಳಿದರು.

ಜೂನ್ ತಿಂಗಳಲ್ಲಿ ಗಂಡಹೆಂಡತಿ ಮಗನನ್ನು ಕರೆದುಕೊಂಡು ತಾಲೂಕಿನ ಊರು ಜತ್ತಿಗೆ ಹೋದರು. ನರ್ಸರಿಯ ಮೇಡಂ ಹೆಸರು ಕೇಳಿದಳು, ಕಲ್ಮೇಶ ಗೋಡೆಯ ಮೇಲಿನ ಆನೆಯ ಚಿತ್ರ ನೋಡುತ್ತಿದ್ದ. "ಎರಡ ಭಾಷಾದ ಮನಿರಿ ನಮ್ದು" ಎಂದ ಅಪ್ಪಾಸಾಹೇಬ. ಮೇಡಂ ತಲೆಯಾಡಿಸಿದಳು. "ಈ ಕಡೀ ಮಕ್ಕಳದು ಇದ ತ್ರಾಸ ನೋಡ್ರಿ. ಮನ್ಯಾಗ ಇನ್ನ ಮ್ಯಾಲ ಬರೇ ಇಂಗ್ಲಿಷ್ ಮಾತಾಡ್ರಿ."

ದೀಪಾಲಿಗೆ ನಗು ಬಂತು. ಇನ್ನೊಂದು ಬೀಗ.

ಮಗ ಆಗಲೇ ಕೋಣೆಯಿಂದ ಜಾರಿ ವರಾಂಡಕ್ಕೆ ಹೋಗಿದ್ದ. ಅಲ್ಲಿ ತೂಗುಹಾಕಿದ್ದ ಕಬ್ಬಿಣದ ತುಂಡಿನ ಕೆಳಗೆ ಕುಳಿತು ಇರುವೆಯ ಸಾಲು ನೋಡುತ್ತಿದ್ದ. ಶಾಲೆಯ ಸಿಪಾಯಿ ಬಂದು ಸುತ್ತಿಗೆ ಎತ್ತಿ ಢಣ್ ಢಣ್ ಎಂದು ಬಾರಿಸಿದ. ಮೇಡಂ ಮಾತು ನಿಲ್ಲಿಸಿದಳು. ಅಂಗಳದ ಮಕ್ಕಳು ಕಿವಿ ಮುಚ್ಚಿಕೊಂಡು ಕಿರುಚಿದರು. ಕಲ್ಮೇಶ ಇರುವೆಯೊಂದಕ್ಕೆ ಕಡ್ಡಿ ಅಡ್ಡವಿಟ್ಟು, ಅದು ಹತ್ತಿ ಇಳಿಯುವುದನ್ನು ನೋಡುತ್ತಲೇ ಇದ್ದ. ಅವನ ಬೆನ್ನು ಕೂಡ ಅಲುಗಲಿಲ್ಲ.

ದೀಪಾಲಿ ಎದ್ದು ಹೋಗಿ ಮಗನ ಹಿಂದೆ ನಿಂತಳು. "ಬಾಳಾ" ಎಂದು, ಬಿಟ್ಟಿದ್ದ ಮರಾಠಿಯಲ್ಲೇ ಕರೆದಳು. ಇನ್ನಷ್ಟು ಜೋರಾಗಿ ಕರೆದಳು. ಆಮೇಲೆ ಇಡೀ ಶಾಲೆಗೆ ಕೇಳುವಂತೆ ಒದರಿದಳು. ಅವಳ ನೆರಳು ಇರುವೆಗಳ ಮೇಲೆ ಬಿದ್ದಾಗ ಕಲ್ಮೇಶ ತಿರುಗಿ ನೋಡಿ ನಕ್ಕ.

ಮಿರಜಿನ ದವಾಖಾನೆಯಲ್ಲಿ ಅವನ ತಲೆಗೆ ವೈರು ಹಚ್ಚಿ ನೋಡಿದರು, ಫೋಟೊ ತೆಗೆದರು. ಕಿವಿಯಿಂದ ಮಿದುಳಿಗೆ ಹೋಗುವ ನರವೇ ಬೆಳೆದಿಲ್ಲ, ಹುಟ್ಟಿದಾಗಿನಿಂದ ಏನೂ ಕೇಳಿಲ್ಲ, ಕಿವಿಗೆ ಹಾಕುವ ಮಿಷನ್ನಿನಿಂದಾಗಲಿ ಆಪರೇಷನ್ನಿನಿಂದಾಗಲಿ ಪ್ರಯೋಜನವಿಲ್ಲ ಎಂದರು ಡಾಕ್ಟರು. ಕಿವುಡ ಮಕ್ಕಳ ಶಾಲೆಗೆ ಹಾಕಿ ಕೈಭಾಷೆ ಕಲಿಸಿ, ಈಗಾಗಲೇ ತಡವಾಗಿದೆ, ಇಷ್ಟು ದಿನ ಯಾಕೆ ತರಲಿಲ್ಲ ಎಂದು ಕೇಳಿದರು. ಅಪ್ಪಾಸಾಹೇಬ ಅಭ್ಯಾಸದಂತೆ "ಎರಡ ಭಾಷಾದ ಮನಿ..." ಎಂದು ಶುರುಮಾಡಿ, ಅಲ್ಲಿಗೇ ನಿಲ್ಲಿಸಿದ.

ತಿರುಗಿ ಬರುವಾಗ ಬಸ್ಸಿನಲ್ಲಿ ದೀಪಾಲಿಗೆ ಮೊದಲು ಅತ್ತೆಯ ಮೇಲೆ ಸಿಟ್ಟು ಬಂತು, ಆಮೇಲೆ ತನ್ನ ಮೇಲೆ. ತಾನು ಮಾತು ಬಿಟ್ಟದ್ದು ಅವನಿಗೆ ಗೊತ್ತೇ ಇಲ್ಲ ಎಂದುಕೊಂಡಳು. ಅಷ್ಟರಲ್ಲಿ ಅದಕ್ಕಿಂತ ಕೆಟ್ಟದ್ದು ಹೊಳೆಯಿತು. ಮಾತು ಬಿಟ್ಟಾಗ ತನ್ನ ಮುಖವೂ ಆರಿಹೋಗಿತ್ತು. ನಗುವಿಲ್ಲ, ಕಣ್ಣಗಲಿಸುವುದಿಲ್ಲ, ಸುಳ್ಳೇ ಸಿಟ್ಟಿಲ್ಲ. ಮಗನಿಗೆ ಇದ್ದದ್ದು ಆ ಮುಖವೊಂದೇ. ಅದನ್ನೂ ಕಸಿದುಕೊಂಡಿದ್ದಳು. ಜತ್ತು ಬರುವವರೆಗೂ ಅವಳು ಅತ್ತಳು.

ಸಿದ್ದಲಿಂಗವ್ವ ಕೇಳಿ ನೆಲಕ್ಕೆ ಕುಸಿದಳು. "ನಾನ ಹಾಳ ಮಾಡಿದ್ನೇನವ್ವಾ?" ಎಂದು ಸೊಸೆಯ ಕೈ ಹಿಡಿದಳು.

ಆ ಶಾಲೆ ಇರುವುದು ಸಾಂಗಲಿಯ ಕಡೆ. ದಿನಾ ಹೋಗಿಬರುವ ದಾರಿಯಲ್ಲ, ವಸತಿಯಲ್ಲೇ ಇಡಬೇಕು. ಹೊಂದಿಕೊಳ್ಳುವವರೆಗೆ ಮೊದಲೊಂದು ತಿಂಗಳು ತಂದೆತಾಯಿ ಬರಕೂಡದು. ಅಲ್ಲೇ ಖೋಲಿ ಹಿಡಿದು ಇರುತ್ತೇನೆಂದು ದೀಪಾಲಿ ಹಟ ಮಾಡಿದಳು. ಆದರೆ ಹೊಟ್ಟೆಯಲ್ಲಿ ಎರಡನೆಯದು, ಅದಕ್ಕೆ ಏನು ಕಾದಿದೆಯೋ ಎಂಬ ಹೆದರಿಕೆ ಬೇರೆ. ಡಾಕ್ಟರು ಒಬ್ಬಳೇ ಇರುವುದು ಬೇಡ ಎಂದಿದ್ದರು.

"ಮನ್ಯಾಗ ಇಟಗೊಂಡ್ರ ಮೂಕ ಬಸವಣ್ಣ ಆಗ್ತಾನ" ಎಂದ ಅಪ್ಪಾಸಾಹೇಬ.

"ಬಿಟ್ಟ ಬರ್ತೀರಿ, ಖರೆ" ಎಂದಳು ಸಿದ್ದಲಿಂಗವ್ವ. "ಮತ್ತ ಬರ್ತೀವಿ ಅನ್ನೂದು ಅಂವಂಗ ಹೆಂಗ ಹೇಳ್ತೀರೋ ಎಪ್ಪಾ?"

ಮನೆಯಲ್ಲಿ ಅವನಿಗೆ ತಿಳಿಯುತ್ತಿದ್ದ ಸನ್ನೆಗಳು ಕೆಲವೇ. ಬಾಯಿಗೆ ಬೆರಳಿಟ್ಟರೆ ಊಟ. ಅಂಗೈ ಮೇಲೆ ಕೆನ್ನೆಯಿಟ್ಟರೆ ನಿದ್ದೆ. ಎರಡೂ ಕೈಯಿಂದ ಸ್ಟೇರಿಂಗ್ ತಿರುಗಿಸಿದರೆ ಜೀಪು. ಕೈ ಬೀಸಿದರೆ ಬಾ. ನಾಳೆಗೆ ಸನ್ನೆ ಇರಲಿಲ್ಲ. ತಿಂಗಳಿಗೂ ಇರಲಿಲ್ಲ.

ಬಿಡುವ ದಿನ ಶಾಲೆಯ ಟೀಚರಬಾಯಿ, ಒಳ್ಳೆಯವಳೇ, ಕಲ್ಮೇಶನಿಗೆ ಮಂಚ ತೋರಿಸಿದಳು, ಚೀಲವನ್ನು ಮೂಲೆಗಿಟ್ಟಳು. ಅವನು ಬೇರೆ ಮಕ್ಕಳ ಓಡಾಡುವ ಕೈಗಳನ್ನು ಬಾಯಿ ತೆರೆದು ನೋಡುತ್ತಿದ್ದ. ಹೇಳದೆ ಹೋಗಿಬಿಡಿ, ಅದೇ ಸುಲಭ ಎಂದಳು ಟೀಚರಬಾಯಿ. ದೀಪಾಲಿಗೆ ಮನಸ್ಸಾಗಲಿಲ್ಲ. ನಮ್ಮಲ್ಲಿ ಹೊಸ್ತಿಲು ದಾಟುವವರು ಹೋಗುತ್ತೇನೆ ಎನ್ನುವುದಿಲ್ಲ. ಕನ್ನಡದವರೂ ಬರುತ್ತೇನೆ ಎನ್ನುತ್ತಾರೆ, ಮರಾಠಿಯವರೂ ಬರುತ್ತೇನೆ ಎನ್ನುತ್ತಾರೆ. ಅವಳು ಮಗನ ಮುಂದೆ ಮಂಡಿಯೂರಿ ಕುಳಿತಳು. "ಯೇತೇ ಹಂ, ಬಾಳಾ" ಎಂದಳು. "ಬರ್ತೀನಪ್ಪಾ" ಎಂದಳು. ಅವನು ಅವಳ ತುಟಿಗಳನ್ನು ನೋಡಿದ.

ಅವಳು ಸ್ಟೇರಿಂಗ್ ತಿರುಗಿಸಿ ತೋರಿಸಿದಳು, ಎದೆ ಮುಟ್ಟಿಕೊಂಡಳು. ಜೀಪಿನಲ್ಲಿ ನಾನು. ಆಮೇಲೆ ಕೈ ಬೀಸಿದಳು, ಬರುತ್ತೇನೆ ಎಂದು.

ಕಲ್ಮೇಶನ ಮುಖ ಅರಳಿತು. ಮೂಲೆಗೆ ಓಡಿ ಚೀಲ ಎಳೆದು ತಂದ. ಚಪ್ಪಲಿಯನ್ನು ಎಡಬಲ ಮಾಡಿ ಹಾಕಿಕೊಂಡು ಬಾಗಿಲಿಗೆ ಹೋಗಿ ನಿಂತ. ತಾಯಿ ಇನ್ನೂ ಏಳದ್ದನ್ನು ಕಂಡು, ಅವಳ ಹಾಗೆಯೇ ಕೈ ಬೀಸಿ ಅವಳನ್ನು ಕರೆದ.