ಸಾರಿಕಾ ಖಾಲಿ ಬಿಟ್ಟ ಕಾಲಂ

ಹನ್ನೆರಡನೇ ತರಗತಿಯಲ್ಲಿ ತೊಂಬತ್ತಾರು ಪರ್ಸೆಂಟ್ ತೆಗೆದ ಹುಡುಗಿಗೆ ಇನ್ನೇನು ಬೇಕು ಅಂತೀರಿ? ಪುಣೆಯ ಆ ದೊಡ್ಡ ವಿದ್ಯಾಪೀಠಕ್ಕೆ ಅಷ್ಟು ಸಾಲದಂತೆ. ಓದು ಬಿಟ್ಟು ಬೇರೇನು ಮಾಡಿದ್ದೀರಿ ಎಂದು ಕೇಳಲು ಫಾರ್ಮಿನಲ್ಲಿ ಅರ್ಧ ಪುಟದ ಕಾಲಂ. ಸೊಲ್ಲಾಪುರದ ಕಡೆಯ ಹನ್ನೂರಿನ ಕುರುಬರ ಹುಡುಗಿ ಸಾರಿಕಾ ಅದನ್ನು ಖಾಲಿ ಬಿಟ್ಟಿದ್ದಳು.

ಬರೆಯಲು ಇರಲಿಲ್ಲವೆಂದಲ್ಲ. ಏಳು ವರ್ಷದಿಂದ ಪ್ರತಿ ಅಮಾವಾಸ್ಯೆ ಕುಲದೇವರು ಬೀರಪ್ಪನ ಗುಡಿಯಲ್ಲಿ ಡೊಳ್ಳಿನ ಪದಕ್ಕೆ ಅವಳದೇ ಮೊದಲ ದನಿ. ಆದರೆ ಅಪ್ಪ ಭೀಮಣ್ಣ, "ದೇವರ ಸೇವಾ ಬರ್ದು ತೋರಿಸಬಾರದವ್ವಾ. ಹೇಳ್ಕೊಂಡ್ರ ಅವಗ ಮುಟ್ಟೂದಿಲ್ಲ" ಎಂದಿದ್ದ. ಆ ಮನೆಯ ಕಟ್ಟಳೆ ಅದು. ಅವಳೂ ಪೆನ್ನು ಮುಚ್ಚಿದಳು.

ಸಂದರ್ಶನ ಸೊಲ್ಲಾಪುರದ ಒಂದು ಹೋಟೆಲಿನಲ್ಲಿ. ಕೇಳುವ ಮೇಡಂ ಸೊಲ್ಲಾಪುರದವರೇ, ಕನ್ನಡ ಆಡುವವರು.

"ಬರೇ ಪುಸ್ತಕದ ಹುಳಾ ಏನವಾ ನೀ? ಮೊದಲನೇ ಲಿಸ್ಟಿನ್ಯಾಗ ಸೀಟ್ ಆದಾಕಿ ಏನ್ ಮಾಡ್ಯಾಳ ಕೇಳು" ಎಂದು ವಿದ್ಯಾಪೀಠದ ಪೇಜು ತೆರೆದು ಮೊಬೈಲ್ ಒತ್ತಿದರು.

'ಕುರುಬರ ಹಾಡುಗಳ ಸಂರಕ್ಷಣೆ: ಮಯೂರಿ' ಎಂಬ ಸಾಲು ಮೂಡಿ ಹಾಡು ಶುರುವಾಯಿತು. ಮಯೂರಿ ಎಂದರೆ ವಿಜಾಪುರ ರಸ್ತೆಯ ಬಟ್ಟೆ ವ್ಯಾಪಾರಿ ಶೈಲೇಶರ ಮಗಳು, ಸಾರಿಕಾಳ ಬೆಂಚಿನ ಗೆಳತಿ. ದೀಪಾವಳಿಗೆ ಒಂದೇ ಒಂದು ದಿನ ಹನ್ನೂರಿಗೆ ಬಂದು, ಸಾರಿಕಾಳ ಅವ್ವ ಸೋಮವ್ವನ ಕೈಯ ರೊಟ್ಟಿ ತಿಂದು, ನೆನಪಿಗೊಂದು ಹಾಡು ಬೇಕೆಂದು ಸಾರಿಕಾ ಹಾಡಿದ್ದನ್ನು ಮೊಬೈಲಿನಲ್ಲಿ ತುಂಬಿಕೊಂಡಿದ್ದಳು. ಉಂಡ ಮನೆಯ ಜಂತೆ ಎಣಿಸುವವರನ್ನು ಕಂಡಿದ್ದೇವೆ. ಇವಳು ಜಂತೆಯನ್ನೇ ಕಿತ್ತುಕೊಂಡು ಹೋಗಿದ್ದಳು. ಸಾರಿಕಾ ಮೊಬೈಲಿನತ್ತ ಬೆರಳು ತೋರಿದಳು.

"ಈ ದನಿ ನಂದು ರೀ."

"ಹಂಗ ಯಾರರೆ ಅನ್ನಬಹುದು."

"ತಡೀರಿ. ಈಗ ನಮ್ಮವ್ವ ಕರೀತಾಳ."

ಹಾಡು ನಿಂತಿತು. ದೂರದಿಂದ ಸೋಮವ್ವನ ಕೂಗು: "ಸಾರಿಕಾ, ಲಗೂನ ಬಾ, ಕುರಿ ಈಯಾಕತ್ತೇತಿ." ಮನೆಯಲ್ಲಿ ಮರಾಠಿ ಆಡುವ, ಕನ್ನಡ ತಿಳಿಯದ ಮಯೂರಿ ಅದೂ ಹಾಡೇ ಎಂದುಕೊಂಡು ಕತ್ತರಿಸದೆ ಬಿಟ್ಟಿದ್ದಳು.

ಮೇಡಂ ಫಾರ್ಮಿನ ಮೇಲಿನ ಹೆಸರು ನೋಡಿದರು. ಫಾರ್ಮ್ ತಿರುವಿ ಖಾಲಿ ಜಾಗದ ಮೇಲೆ ಬೆರಳಿಟ್ಟರು. ಆಮೇಲೆ, "ಖರೆ ಇರಬಹುದವಾ. ಆದ್ರ ನಿನ್ನ ಕಾಲಂ ಖಾಲಿ ಐತಿ. ಬರೀದಿದ್ದದ್ದಕ್ಕ ನಾ ಹೆಂಗ ಮಾರ್ಕ್ಸ್ ಹಾಕ್ಲಿ?" ಎಂದು ಮುಂದಿನವರನ್ನು ಕರೆಯಲು ಗಂಟೆ ಒತ್ತಿದರು.

ಹೊರಗೆ ಭೀಮಣ್ಣ ಗೋಡೆಗೊರಗಿ ನಿಂತಿದ್ದ. "ಏನ್ ಕೇಳಿದ್ರವ್ವಾ?"

"ನನ್ನ ಹಾಡ ಕೇಳಿದ್ರಪ್ಪಾ. ಸೀಟ್ ಮಯೂರಿಗೆ ಕೊಟ್ಟಾರ." ಒಳಗೆ ನಡೆದದ್ದನ್ನೆಲ್ಲ ಹೇಳಿದಳು.

ಭೀಮಣ್ಣ ರುಮಾಲು ಬಿಚ್ಚಿ ಬಿಗಿಯಾಗಿ ಕಟ್ಟಿಕೊಂಡ. "ಬೀರಪ್ಪಗ ತಪ್ಪಾತಂತ ನಾ ಹೇಳ್ಕೋತೀನಿ. ಇವ್ರ ಮುಂದ ನೀ ಹಾಡು" ಎಂದು ಮಗಳ ರಟ್ಟೆ ಹಿಡಿದು ಮುಚ್ಚಿದ ಬಾಗಿಲು ದೂಡಿದ.